ಹೊಡೆತದ ಆಟ, ಮತ್ತು ‘ಸಾಕು’ ಎಂಬ ಮಾತು

ಈ ಸಲದ ನಾಲ್ಕೂ ಪತ್ರಗಳು ಒಂದೇ ವಿಷಯದ ಸುತ್ತ ಇವೆ. ವಯಸ್ಕರಿಬ್ಬರು ಮೊದಲೇ ಮಾತಾಡಿಕೊಂಡು, ಮನಸಾರೆ ಒಪ್ಪಿಕೊಂಡು, ಮಲಗುವ ಕೋಣೆಯಲ್ಲಿ ಹೊಡೆತವನ್ನೂ ಸುಖದ ಭಾಗವಾಗಿ ಮಾಡಿಕೊಳ್ಳುವುದು. ಕಟ್ಟುವುದು, ಆಳುವುದು, ನೋಯಿಸುವುದು ಸೇರಿದ, ಬಿಡಿಎಸ್‌ಎಂ ಎಂದು ಕರೆಯುವ ಒಪ್ಪಿಗೆಯ ಆಟಗಳಲ್ಲಿ ಇದಕ್ಕೆ ಇಂಪ್ಯಾಕ್ಟ್ ಪ್ಲೇ ಎನ್ನುತ್ತಾರೆ. ನಾನು ಇಲ್ಲಿ ಹೊಡೆತದ ಆಟ ಎಂದೇ ಬರೆಯುತ್ತೇನೆ. ಮೊದಲ ಪತ್ರ ಬಂದು ಎರಡು ತಿಂಗಳಾಯಿತು. ಸಂಕೋಚದಿಂದ ಬದಿಗಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡನೆಯ ಪತ್ರ ಓದಿದ ಮೇಲೆ ಆ ಸಂಕೋಚದಿಂದ ಯಾರಿಗೂ ಉಪಕಾರವಿಲ್ಲ ಅನ್ನಿಸಿತು.

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ, ನಮ್ಮ ಯಜಮಾನರಿಗೆ 35. ಮದುವೆಯಾಗಿ ಆರು ವರ್ಷವಾಗಿದೆ. ಇದನ್ನು ಮೊದಲು ಬಯಸಿದವಳು ನಾನೇ. ಕೈಯಿಂದ ಶುರುವಾದದ್ದು ಈಗ ಬೆಲ್ಟಿಗೆ ಬಂದಿದೆ, ಇಬ್ಬರಿಗೂ ಇಷ್ಟ. ಹೋದ ತಿಂಗಳು ಬೆಲ್ಟು ಬೀಳಬೇಕಾದಲ್ಲಿ ಬೀಳದೆ ಸುತ್ತಿಕೊಂಡು ಬಂದು ಸೊಂಟದ ಪಕ್ಕದ ಮೂಳೆಗೆ ಬಡಿಯಿತು. ಅಂಗೈಯಷ್ಟಗಲ ಕಪ್ಪುಗಟ್ಟಿತು, ಮೂರು ವಾರವಾದರೂ ಪೂರ್ತಿ ಹೋಗಿಲ್ಲ. ಅವರು ಹೆದರಿಬಿಟ್ಟಿದ್ದಾರೆ, ‘ಇನ್ನು ಇದರ ಸುದ್ದಿಯೇ ಬೇಡ’ ಎನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ. ಅಪಾಯವಿಲ್ಲದಂತೆ ಮಾಡಲು ದಾರಿ ಇದೆಯೇ?
– ಓದುಗರು, ದಾವಣಗೆರೆ

ಉತ್ತರ: ಅಪಾಯವೇ ಇಲ್ಲದಂತೆ ಮಾಡಲು ಆಗುವುದಿಲ್ಲ. ಕಡಿಮೆ ಮಾಡಬಹುದು, ಅದೂ ಬಹಳಷ್ಟು. ನಿಮ್ಮವರು ಹೆದರಿದ್ದು ಒಳ್ಳೆಯ ಲಕ್ಷಣ. ಈ ಆಟದಲ್ಲಿ ನನಗೆ ಭಯವಿರುವುದು ಹೆದರದವರ ಬಗ್ಗೆ.

ಮೊದಲು ಆ ಬೆಲ್ಟು. ಬೀಸಿದಾಗ ಹಿಡಿದ ಕೈಯ ವೇಗ ಕಡಿಮೆ, ತುದಿಯ ವೇಗ ಹೆಚ್ಚು. ಬೆಲ್ಟಿನ ನಡುಭಾಗ ಮೈಗೆ ತಾಗಿ ನಿಂತ ಕ್ಷಣದಲ್ಲೇ ಉಳಿದ ತುಂಡು ಮೈಯ ಉಬ್ಬನ್ನು ಬಳಸಿಕೊಂಡು ಆಚೆ ಬದಿಗೆ ತಿರುಗುತ್ತದೆ. ತಿರುಗುವ ತುಂಡು ಗಿಡ್ಡವಾದಷ್ಟೂ ತುದಿ ಇನ್ನೂ ಜೋರಾಗಿ ಬಡಿಯುತ್ತದೆ. ಆಚೆ ಬದಿಯಲ್ಲಿರುವುದು ಮಾಂಸವಲ್ಲ, ಸೊಂಟದ ಮೂಳೆಯ ಅಂಚು. ನಿಮ್ಮವರು ಜೋರಾಗಿ ಹೊಡೆದಿರಲಿಕ್ಕಿಲ್ಲ. ಅರ್ಧ ಹೆಜ್ಜೆ ಹತ್ತಿರ ನಿಂತಿರಬೇಕು, ಅಷ್ಟೆ. ಹೀಗಾಗಿ ಬೆಲ್ಟನ್ನು ಎರಡಾಗಿ ಮಡಚಿ, ಬಕಲ್ ಮುಷ್ಟಿಯ ಒಳಗಿರುವಂತೆ ಹಿಡಿಯಬೇಕು. ಉದ್ದ ಕಡಿಮೆಯಾದಷ್ಟೂ ಹಿಡಿತ ಹೆಚ್ಚು. ತುದಿ ಎಲ್ಲಿ ಬೀಳುತ್ತದೆ ಎಂಬುದನ್ನು ಕಣ್ಣಳತೆಯಲ್ಲಿ ನಂಬಬೇಡಿ. ಮಡಚಿದ ತುದಿಗೆ ಸ್ವಲ್ಪ ರಂಗೋಲಿ ಪುಡಿ ಸವರಿ, ಹಾಸಿಗೆಯ ಮೇಲೆ ಕಪ್ಪು ಬಟ್ಟೆ ಹೊದಿಸಿದ ದಿಂಬು ಇಟ್ಟು ಇಪ್ಪತ್ತು ಸಲ ಹೊಡೆದು ನೋಡಲಿ. ಗೆರೆಗಳೆಲ್ಲ ಒಂದು ಅಂಗೈ ಅಗಲದೊಳಗೆ ಬಿದ್ದಿದ್ದರೆ ಸರಿ. ದಿಂಬಿನ ಅಂಚು ದಾಟಿ ಹಾಸಿಗೆಯ ಮೇಲೂ ಬಿಳಿ ಗೆರೆ ಕಂಡರೆ ಇನ್ನೂ ಕೆಲವು ದಿನ ದಿಂಬೇ ಸಾಕು. ಕೇಳಲು ನಗೆ ಬರುತ್ತದೆ. ಇಂಜೆಕ್ಷನ್ ಕೊಡುವುದನ್ನು ನಾವು ಕಿತ್ತಳೆ ಹಣ್ಣಿನ ಮೇಲೆ ಕಲಿತವರು.

ಇನ್ನು ಮೈಯ ನಕ್ಷೆ. ದಪ್ಪ ಸ್ನಾಯು, ಅದರ ಮೇಲೆ ಕೊಬ್ಬಿನ ಹಾಸು, ಕೆಳಗೆ ಸೂಕ್ಷ್ಮ ಅಂಗವಿಲ್ಲ ಎನ್ನುವ ಜಾಗ ಮೈಯಲ್ಲಿ ಕಡಿಮೆ. ಪೃಷ್ಠದ ನಡುಭಾಗ ಮತ್ತು ಕೆಳಭಾಗ ಅಂಥದ್ದು. ತೊಡೆಯ ಹಿಂಬದಿಯ ಮೇಲರ್ಧವನ್ನು ಅದರ ನಂತರ ಹೇಳಬಹುದು, ಆದರೆ ಅಲ್ಲಿ ನೋವು ಹೆಚ್ಚು, ಬೇಗ ಕಪ್ಪುಗಟ್ಟುತ್ತದೆ. ಮೇಲ್ಬೆನ್ನಿನಲ್ಲಿ ಬೆನ್ನುಮೂಳೆಯ ಎರಡೂ ಪಕ್ಕದ ಸ್ನಾಯು ಹಗುರ ಕೈಯೇಟನ್ನು ತಡೆಯುತ್ತದೆ, ಭಾರದ ವಸ್ತುವನ್ನಲ್ಲ. ನಿಮ್ಮ ಪತ್ರದ ಮಟ್ಟಿಗೆ ಪಟ್ಟಿ ಇಷ್ಟೇ.

ಸೊಂಟದ ಮೇಲೆ, ಪಕ್ಕೆಲುಬು ಮುಗಿಯುವ ಕಡೆ ಬೆನ್ನಿನ ಎರಡೂ ಬದಿಯಲ್ಲಿ ಮೂತ್ರಪಿಂಡಗಳಿವೆ. ಕೊನೆಯ ಎರಡು ಪಕ್ಕೆಲುಬು ಅವುಗಳ ಮೇಲ್ಭಾಗವನ್ನಷ್ಟೇ ಮುಚ್ಚುತ್ತವೆ, ಕೆಳಭಾಗಕ್ಕೆ ಆ ಆಸರೆ ಇಲ್ಲ. ಪೃಷ್ಠಕ್ಕೆಂದು ಬೀಸಿದ್ದು ಒಂದು ಗೇಣು ಮೇಲೆ ಬಿದ್ದರೆ ಏಟು ಅವುಗಳಿಗೇ. ಅದಕ್ಕೇ ಬೆಲ್ಟು ಹಿಡಿಯುವ ಮೊದಲು ಸೊಂಟಕ್ಕೆ ಅಡ್ಡಲಾಗಿ ಒಂದು ದಿಂಬನ್ನೋ ಮಡಚಿದ ದಪ್ಪ ಟವೆಲನ್ನೋ ಇಟ್ಟುಬಿಡಿ ಎನ್ನುತ್ತೇನೆ. ಬೆನ್ನುಮೂಳೆ, ಅದರ ತುದಿಯ ಬಾಲಮೂಳೆ, ಹೊಟ್ಟೆ, ಕೀಲುಗಳು, ಮೊಣಕಾಲ ಹಿಂದಿನ ಗುಳಿ, ಕುತ್ತಿಗೆ, ತಲೆ: ಇಲ್ಲಿಗೆಲ್ಲ ಕೈಯನ್ನೂ ಬೀಸಬಾರದು. ಕೆನ್ನೆಯೇಟನ್ನು ಬಹಳ ಜನ ಸಣ್ಣದೆಂದು ತಿಳಿದಿದ್ದಾರೆ. ಬಟ್ಟಲಿನಂತೆ ಬಾಗಿದ ಅಂಗೈ ಕಿವಿಯ ಮೇಲೆ ಬಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ ತಮಟೆಯನ್ನು ಹರಿಯುತ್ತದೆ. ‘ಗುಂಯ್ ಎಂದು ಸದ್ದು ನಿಂತೇ ಇಲ್ಲ ಮೇಡಂ’ ಎಂದು ಬಂದವರ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದಾಗ ತಮಟೆಯಲ್ಲಿ ಹರಕು ತೂತು ಕಂಡದ್ದು ನನ್ನ ವೃತ್ತಿಯಲ್ಲಿ ಒಂದೆರಡು ಸಲವಲ್ಲ.

ಪೃಷ್ಠದ ಒಳಗೂ ಸಯಾಟಿಕ್ ನರ ಹಾದುಹೋಗುತ್ತದೆ. ಕಾಲಿಗೆ ವಿದ್ಯುತ್ ಹೊಡೆದಂತೆ ಝುಮ್ಮೆಂದರೆ, ಜೋಮು ಹಿಡಿದರೆ ಅವತ್ತಿನ ಆಟ ಅಲ್ಲಿಗೆ ಮುಗಿಯಿತು.

ವಸ್ತುವಿನ ಬಗ್ಗೆ ಒಂದು ಮಾತು. ಅಗಲ ಮತ್ತು ಭಾರದ್ದು ಆಳಕ್ಕೆ ಇಳಿಯುತ್ತದೆ, ತೆಳುವಾದದ್ದು ಚರ್ಮವನ್ನು ಸೀಳುತ್ತದೆ. ಲಟ್ಟಣಿಗೆ, ಮರದ ಸೌಟು ಮನೆಯಲ್ಲಿ ಕೈಗೆ ಸಿಗುತ್ತವೆ ಎಂಬುದೊಂದೇ ಅವುಗಳ ಯೋಗ್ಯತೆ. ಮೂಳೆಗೆ ತಾಗಿದರೆ ಅವು ಬಾಗುವುದಿಲ್ಲ. ಬೆತ್ತ ಹೊಸಬರಿಗಲ್ಲ. ಬಿರುಕು ಬಿಟ್ಟ ಬೆತ್ತ, ಬಿದಿರಿನ ಕಡ್ಡಿ ಯಾರಿಗೂ ಅಲ್ಲ, ಸಿಬಿರು ಚರ್ಮದೊಳಗೆ ಉಳಿಯುತ್ತದೆ. ನಿಮ್ಮ ಅಂಗೈಯಷ್ಟು ಪ್ರಾಮಾಣಿಕ ಸಾಧನ ಬೇರೆ ಇಲ್ಲ, ಏಕೆಂದರೆ ಕೊಟ್ಟ ಏಟು ಕೈಗೂ ನೋಯುತ್ತದೆ. ಯಾವ ವಸ್ತುವನ್ನೇ ಆಗಲಿ ಮೊದಲು ತನ್ನ ತೊಡೆಗೆ ತಾನೇ ಹೊಡೆದುಕೊಂಡು ನೋಡದವನು ಬೇರೆಯವರ ಮೇಲೆ ಎತ್ತಬಾರದು. ಶುರುವಿನಲ್ಲಿ ಹತ್ತು ಹದಿನೈದು ನಿಮಿಷ ಹಗುರ ಏಟುಗಳಿರಲಿ. ಚರ್ಮ ಬಿಸಿಯಾಗಿ ಕೆಂಪೇರಲಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೇಡ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಮೇಲೆ ಹೇಳಿದ್ದೆಲ್ಲ ಒಂದು ವಾರದಲ್ಲಿ ಕಲಿಯುವಂಥದ್ದು. ಕಷ್ಟವಿರುವುದು ‘ಸಾಕು’ ಎಂಬ ಮಾತಿನಲ್ಲಿ. ನಮ್ಮ ಊಟದ ಪಂಕ್ತಿಯನ್ನೇ ನೋಡಿ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎಂದವರಿಗೆ ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಪಾಯಸ ಬೀಳುತ್ತದೆ. ಬಡಿಸದಿದ್ದರೆ ಉಪಚಾರ ಕಡಿಮೆಯಾಯಿತು ಎಂದುಕೊಳ್ಳುವವರು ನಾವು. ‘ಬೇಡ’ ಎಂದರೆ ‘ಇನ್ನೊಮ್ಮೆ ಕೇಳಲಿ’ ಎಂದು ಅರ್ಥ ಮಾಡಿಕೊಂಡೇ ಬೆಳೆದಿದ್ದೇವೆ. ಈ ಅಭ್ಯಾಸವನ್ನು ಹಾಸಿಗೆಗೆ ತಂದರೆ ಅನಾಹುತ. ಆಟದ ಬಿಸಿಯಲ್ಲಿ ‘ಅಯ್ಯೋ’, ‘ಬೇಡ’, ‘ಸಾಕು’ ಎಲ್ಲವೂ ಸುಖದಲ್ಲೂ ಬರುತ್ತವೆ, ಸಂಕಟದಲ್ಲೂ ಬರುತ್ತವೆ. ಹೊರಗಿನ ಕಿವಿಗೆ ವ್ಯತ್ಯಾಸ ತಿಳಿಯದು.

ಆದ್ದರಿಂದ ಆ ಹೊತ್ತಿನಲ್ಲಿ ತಾನಾಗಿ ಬಾಯಿಗೆ ಬಾರದ ಒಂದು ಮಾತನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ‘ಬದನೆಕಾಯಿ’ ಆಗಬಹುದು. ಟ್ರಾಫಿಕ್ ದೀಪದ ಬಣ್ಣಗಳನ್ನು ಬಳಸುವವರು ಹೆಚ್ಚು: ಹಳದಿ ಎಂದರೆ ನಿಧಾನ, ಬೇರೆ ಜಾಗ, ಸ್ವಲ್ಪ ಬಿಡುವು, ಕೆಂಪು ಎಂದರೆ ಕೈ ಅಲ್ಲಿಗೇ ನಿಲ್ಲಬೇಕು. ‘ಇನ್ನೊಂದೇ ಒಂದು’ ಇಲ್ಲ, ‘ಯಾಕೆ’ ಎಂಬ ವಿಚಾರಣೆಯೂ ಆಗ ಬೇಡ. ಕೆಂಪು ಎನ್ನುವ ಹಕ್ಕು ಹೊಡೆಯುವವರಿಗೂ ಇದೆ. ಆಟದ ಒಳಗೆ ಹೊಕ್ಕವರಿಗೆ ಕೆಲವೊಮ್ಮೆ ಮಾತೇ ಹೊರಡುವುದಿಲ್ಲ. ಅದಕ್ಕೆ ಕೈಯಲ್ಲಿ ಒಂದು ಸ್ಟೀಲ್ ಚಮಚ ಹಿಡಿದಿರಿ. ಬಿಟ್ಟರೆ ನೆಲಕ್ಕೆ ಬಿದ್ದು ಠಣ್ ಎನ್ನುತ್ತದೆ, ಕೇಳಿಸಲಿಲ್ಲ ಎನ್ನಲು ಆಗುವುದಿಲ್ಲ. ಹೊಡೆಯುವವರೂ ನಡುನಡುವೆ ‘ಯಾವ ಬಣ್ಣ?’ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಅದೂ ಕೆಂಪೇ. ಏನೂ ನೋವಿಲ್ಲದಾಗ ಒಮ್ಮೆ ಸುಮ್ಮನೆ ‘ಕೆಂಪು’ ಎಂದು ಪರೀಕ್ಷಿಸಿ ನೋಡಿ. ಕಟ್ಟಡದಲ್ಲಿ ಬೆಂಕಿ ಬೀಳದಿದ್ದರೂ ಗಂಟೆ ಬಾರಿಸಿ ನೋಡುತ್ತಾರಲ್ಲ, ಹಾಗೆ.

ನಿಮ್ಮ ಕಲೆಯ ವಿಷಯ. ಪೆಟ್ಟಿನ ಕಲೆ ಕೆಂಪು, ನೇರಳೆ, ಹಸಿರು, ಹಳದಿಯಾಗಿ ಸಾಮಾನ್ಯವಾಗಿ ಎರಡು ವಾರದಲ್ಲಿ ಮಾಯುತ್ತದೆ. ನಿಮ್ಮದು ಮೂರು ವಾರ ದಾಟಿದೆ. ಮೂಳೆಯ ಮೇಲಿನ ಆಳದ ಕಲೆ ತಡವಾಗುವುದುಂಟು, ಆದರೂ ಒಮ್ಮೆ ತೋರಿಸಿ. ಸಣ್ಣ ತಾಗುವಿಕೆಗೂ ಕಪ್ಪುಗಟ್ಟುತ್ತದೆಯೇ, ಮುಟ್ಟಿನ ಸ್ರಾವ ಹೆಚ್ಚಿದೆಯೇ ಎಂದು ವೈದ್ಯರು ಕೇಳುತ್ತಾರೆ, ರಕ್ತಪರೀಕ್ಷೆ ಮಾಡಿಸುತ್ತಾರೆ. ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರಿಗೆ ಈ ಆಟ ಬೇಡವೇ ಬೇಡ. ಡೆಂಗಿ ಜ್ವರದವರಿಗೂ, ಪ್ಲೇಟ್‌ಲೆಟ್ ಸಂಖ್ಯೆ ಸಹಜ ಮಟ್ಟಕ್ಕೆ, ಅಂದರೆ ಒಂದೂವರೆ ಲಕ್ಷದ ಮೇಲಕ್ಕೆ ಬಂದು ಮೈ ಚೇತರಿಸುವ ತನಕ ಬೇಡ. ಮಳೆಗಾಲದಲ್ಲಿ ಇದನ್ನು ಒತ್ತಿ ಹೇಳುತ್ತೇನೆ. ಗರ್ಭಿಣಿಯರಿಗೆ ಬೇಡ. ಕಾಲಿನ ಸ್ಪರ್ಶ ಕಡಿಮೆಯಾದ ಸಕ್ಕರೆ ಕಾಯಿಲೆಯವರಿಗೆ ಬೇಡ. ಮದ್ಯ ಕುಡಿದ ರಾತ್ರಿ ಇಬ್ಬರಿಗೂ ಬೇಡ. ಮೊದಲೇ ನೋವಿನ ಮಾತ್ರೆ ನುಂಗಿ ತಯಾರಾಗುವವರಿದ್ದಾರೆ. ಅದು ಹೊಗೆ ಕಂಡರೆ ಬಾರಿಸುವ ಗಂಟೆಯ ಬ್ಯಾಟರಿ ಕಿತ್ತಿಟ್ಟು ಒಲೆ ಹಚ್ಚಿದಂತೆ.

ಆಟ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡಿ, ಮೊದಲ ಒಂದೆರಡು ದಿನ ಹೀಗೆ. ಆಮೇಲೆ ಬೆಚ್ಚನೆಯ ಶಾಖ. ಎಣ್ಣೆ ಹಚ್ಚಿ ತಿಕ್ಕಬೇಡಿ. ಚರ್ಮ ಒಡೆದಿದ್ದರೆ ಸೋಪು ನೀರಿನಲ್ಲಿ ತೊಳೆದು, ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ನೆನಪಿಸಿಕೊಳ್ಳಿ. ರಕ್ತ ತಾಗಿದ ಚರ್ಮದ ಬೆಲ್ಟನ್ನು ಪೂರ್ತಿ ಶುದ್ಧ ಮಾಡಲು ಬರುವುದಿಲ್ಲ, ಇನ್ನೊಬ್ಬರ ಮೇಲೆ ಬಳಸಬಾರದು. ನೀರು ಕುಡಿಸಿ, ಹೊದಿಕೆ ಹೊದಿಸಿ, ಪಕ್ಕದಲ್ಲಿರಿ. ಮರುದಿನವೋ ಅದರ ಮರುದಿನವೋ ಕಾರಣವಿಲ್ಲದೆ ಅಳು ಬರಬಹುದು, ಹೊಡೆದವರಿಗೂ. ನಿಮ್ಮ ಯಜಮಾನರು ಈಗ ಆ ಸ್ಥಿತಿಯಲ್ಲೇ ಇದ್ದಂತಿದೆ. ಅವರಿಗೆ ಮನಸ್ಸು ಬರುವವರೆಗೆ ಒತ್ತಾಯಿಸಬೇಡಿ. ಒಪ್ಪಿಗೆ ಅವರದ್ದೂ ಬೇಕು.

ಪ್ರಶ್ನೆ: ನನಗೆ 28, ಸಂಗಾತಿಗೆ 29. ಶನಿವಾರ ರಾತ್ರಿ ಸುಮಾರು ಎರಡು ಗಂಟೆ ಆಡಿದೆವು, ಪೂರ್ತಿ ಒಪ್ಪಿಗೆಯಿಂದ. ಇವತ್ತು ಸೋಮವಾರ. ತೊಡೆ ಕಲ್ಲಿನಂತೆ ಬಿಗಿದಿದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬರುತ್ತಿದೆ. ನೀರು ಕುಡಿದರೆ ಸರಿಹೋಗುತ್ತದೆಯೇ?
– ಓದುಗರು, ಪುಣೆ

ಉತ್ತರ: ಇದಕ್ಕೆ ಅಂಕಣದ ಸರದಿ ಕಾಯಲಿಲ್ಲ, ‘ಈಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ’ ಎಂದು ಅಂದೇ ಬರೆದು ಕಳಿಸಿದೆ. ಉಳಿದವರಿಗಾಗಿ ಇಲ್ಲಿ ಕಾರಣ ಹೇಳುತ್ತೇನೆ. ದೊಡ್ಡ ಸ್ನಾಯುವಿಗೆ ತುಂಬ ಹೊತ್ತು ಪೆಟ್ಟು ಬಿದ್ದರೆ ಅದರ ಕೋಶಗಳು ಒಡೆದು ಒಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಮೂತ್ರಕ್ಕೆ ಆ ಬಣ್ಣ ಬರುವುದು ಅದರಿಂದ. ಮೂತ್ರಪಿಂಡ ಕೆಲಸ ನಿಲ್ಲಿಸುವ ಮಟ್ಟಕ್ಕೂ ಹೋಗಬಹುದು, ಜೊತೆಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಲಾಠಿಯೇಟು ತಿಂದವರಲ್ಲಿ ವೈದ್ಯರು ಇದನ್ನು ಕಂಡಿದ್ದಾರೆ. ಹೊಡೆತ ಪ್ರೀತಿಯದೋ ದ್ವೇಷದ್ದೋ ಸ್ನಾಯುವಿಗೆ ತಿಳಿಯದು. ಸಿಕೆ ಎಂಬ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬೇಗ ಹೋದರೆ ಡ್ರಿಪ್‌ನಲ್ಲೇ ಸುಧಾರಿಸುವವರು ಹೆಚ್ಚು. ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಬೇಡಿ, ಅವು ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ.

ಆಸ್ಪತ್ರೆಯಲ್ಲಿ ‘ಮೆಟ್ಟಿಲಿಂದ ಬಿದ್ದೆ’ ಎನ್ನಬೇಡಿ. ಸಾಲುಸಾಲು ಗೆರೆಗಳಿಗೆ ಮೆಟ್ಟಿಲು ಕಾರಣವಲ್ಲ ಎಂದು ಇಂಟರ್ನಿ ಹುಡುಗನಿಗೂ ಗೊತ್ತಾಗುತ್ತದೆ, ಪರೀಕ್ಷೆಗಳು ಮಾತ್ರ ದಾರಿ ತಪ್ಪುತ್ತವೆ. ‘ಒಪ್ಪಿಗೆಯ ಆಟದಲ್ಲಿ ಆದ ಪೆಟ್ಟು’ ಎಂದರೆ ಸಾಕು. ವೈದ್ಯರು ನಿಮ್ಮನ್ನು ಒಬ್ಬರನ್ನೇ ಕರೆದು ‘ಮನೆಯಲ್ಲಿ ಯಾರ ಭಯವಾದರೂ ಇದೆಯೇ’ ಎಂದು ಕೇಳಬಹುದು, ಮೆಡಿಕೋ ಲೀಗಲ್, ಅಂದರೆ ಪೊಲೀಸರ ಗಮನಕ್ಕೆ ಹೋಗುವ ಪ್ರಕರಣ, ಎಂದು ದಾಖಲಿಸಲೂಬಹುದು. ಬೇಸರ ಬೇಡ. ಆ ಪ್ರಶ್ನೆ ಕೇಳದ ವೈದ್ಯರ ಬಗ್ಗೆ ನನಗೆ ಹೆಚ್ಚು ಬೇಸರ.

ಪ್ರಶ್ನೆ: ನಾನು ಕೆಲಸದ ಮೇಲೆ ಇಂಗ್ಲೆಂಡಿನಲ್ಲಿರುವ ಕನ್ನಡಿಗ, ಹೆಂಡತಿಯೂ ಜೊತೆಗಿದ್ದಾಳೆ. ಇದು ಪಾಶ್ಚಾತ್ಯರಿಂದ ಅಂಟಿದ ಮನೋರೋಗವೇ? ಕಾನೂನಿನ ತೊಂದರೆ ಇದೆಯೇ?

ಉತ್ತರ: ಪಾಶ್ಚಾತ್ಯರಿಗೆ ಆ ಕೀರ್ತಿ ಕೊಡಬೇಕಿಲ್ಲ. ವಾತ್ಸ್ಯಾಯನನ ಕಾಮಸೂತ್ರದ ಎರಡನೆಯ ಅಧಿಕರಣದಲ್ಲಿ ಪ್ರಹಣನಕ್ಕೆಂದೇ, ಅಂದರೆ ಹೊಡೆತಕ್ಕೆಂದೇ, ಒಂದು ಅಧ್ಯಾಯವಿದೆ. ಹೊಡೆಯುವ ಜಾಗಗಳ ಪಟ್ಟಿಯಲ್ಲಿ ತಲೆಯನ್ನೂ ಪಕ್ಕೆಯನ್ನೂ ಸೇರಿಸಿದ್ದಾನೆ, ಅಲ್ಲಿ ನನ್ನ ಸಹಮತವಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ದಕ್ಷಿಣದವರು ಎದೆಗೆ ಹೊಡೆಯುವ ಕೀಲ, ತಲೆಗೆ ಹೊಡೆಯುವ ಕರ್ತರಿ ಮುಂತಾದ ಹೊಡೆತಗಳನ್ನು ಅವನು ಖಂಡಿಸುತ್ತಾನೆ, ಅವುಗಳಿಂದಾದ ಸಾವುಗಳನ್ನು ಹೆಸರು ಹಿಡಿದು ಹೇಳುತ್ತಾನೆ. ಕುಂತಲದ ರಾಜ ಶಾತಕರ್ಣಿ ಶಾತವಾಹನ ಕರ್ತರಿ ಹೊಡೆತದಿಂದ ರಾಣಿ ಮಲಯವತಿಯನ್ನು ಕೊಂದನಂತೆ. ಕುಂತಲ ನಮ್ಮದೇ ನಾಡಿನ ಹಳೆಯ ಹೆಸರು. ನಾಗಾಲೋಟದ ಕುದುರೆಗೆ ದಾರಿಯ ಮೋಟು ಮರ, ಗುಂಡಿ ಕಾಣದಂತೆ ಕಾಮದ ವೇಗದಲ್ಲಿ ಇರುವವರಿಗೂ ಅಪಾಯ ಕಾಣದು ಎಂದು ಅವನು ಎಚ್ಚರಿಸುತ್ತಾನೆ. ಬಣ್ಣದ ಮಾತನ್ನು ಮೊದಲೇ ಗೊತ್ತು ಮಾಡಿಕೊಳ್ಳಿ ಎಂದು ಮೇಲೆ ಬರೆದದ್ದೂ ಇದೇ ಕಾರಣಕ್ಕೆ: ಓಟ ಶುರುವಾದ ಮೇಲೆ ಯೋಚಿಸಲು ಆಗುವುದಿಲ್ಲ.

ರೋಗವೇ? 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ, ಐಸಿಡಿ-11, ಒಪ್ಪಿಗೆಯ ಇಂಥ ಒಲವನ್ನು ರೋಗವೆಂದು ಎಣಿಸುವುದಿಲ್ಲ. ಒಪ್ಪದವರ ಮೇಲೆ ನಡೆಸುವ ಕ್ರೌರ್ಯದ ಬಯಕೆ ಮಾತ್ರ ಅದರಲ್ಲಿ ಉಳಿದಿದೆ.

ಕಾನೂನು ನನ್ನ ಕ್ಷೇತ್ರವಲ್ಲ, ವಕೀಲರನ್ನೇ ಕೇಳಿ. ಇಷ್ಟು ಮಾತ್ರ ಹೇಳುತ್ತೇನೆ: ನೀವಿರುವ ದೇಶ ಈ ವಿಷಯದಲ್ಲಿ ಬಿಗಿ. ಗಾಯವಾಗುವ ಮಟ್ಟದ ಆಟಕ್ಕೆ ಒಪ್ಪಿಗೆ ರಕ್ಷಣೆಯಲ್ಲ ಎಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1993ರ ಬ್ರೌನ್ ಪ್ರಕರಣದಲ್ಲಿ 3–2ರ ಬಹುಮತದಿಂದ ತೀರ್ಮಾನಿಸಿತು. ಅಲ್ಲಿನ 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೂ ಗಂಭೀರ ಹಾನಿಯ ವಿಷಯದಲ್ಲಿ ಅದನ್ನೇ ಬರೆದಿಟ್ಟಿದೆ. ಇಲ್ಲಿ, ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಂ 18 ದಾಟಿದವರ ಒಪ್ಪಿಗೆಗೆ ಸ್ವಲ್ಪ ಜಾಗ ಕೊಡುತ್ತದೆ. ಅದಕ್ಕೆ ಕೊಟ್ಟಿರುವ ಉದಾಹರಣೆ ಮೋಜಿಗಾಗಿ ಕತ್ತಿವರಸೆ ಆಡುವ ಇಬ್ಬರದು. ಆದರೆ ಸಾವು ಅಥವಾ ತೀವ್ರ ಗಾಯ ಆಗಬಹುದೆಂದು ಗೊತ್ತಿದ್ದು ಮಾಡಿದ್ದಕ್ಕೆ ಆ ರಕ್ಷಣೆ ಇಲ್ಲ. ಮೂಳೆ ಮುರಿತ, ಒಂದು ಕಿವಿಯ ಶಾಶ್ವತ ಕಿವುಡು, ಹದಿನೈದು ದಿನ ತೀವ್ರ ನೋವಿನಲ್ಲಿ ನರಳುವುದು, ಇವೆಲ್ಲ ತೀವ್ರ ಗಾಯದ ಪಟ್ಟಿಯಲ್ಲಿವೆ. ಹೆದರಿಸಿ ಪಡೆದದ್ದು ಒಪ್ಪಿಗೆಯೇ ಅಲ್ಲ.

ಪ್ರಶ್ನೆ: ಮೇಡಂ, ನನಗೆ 26. ಮದುವೆಯಾಗಿ ಒಂದೂವರೆ ವರ್ಷ. ನಮ್ಮ ಮನೆಯವರು ಮೊಬೈಲಿನಲ್ಲಿ ಏನೇನೋ ನೋಡಿ ಹೊಡೆಯುತ್ತಾರೆ. ಮೊದಲ ಸಲ ನಾನು ನಕ್ಕಿದ್ದೆ, ಬೇಡ ಎನ್ನಲಿಲ್ಲ. ಈಗ ಬೇಡ ಎಂದು ಅತ್ತರೂ ‘ಅವತ್ತು ಒಪ್ಪಿದ್ದೆಯಲ್ಲ, ಇದು ಆಟ’ ಎನ್ನುತ್ತಾರೆ. ಹೋದ ವಾರ ಕುತ್ತಿಗೆ ಒತ್ತಿದರು, ಕಣ್ಣು ಕತ್ತಲೆ ಬಂತು. ನಾನು ಹೊಂದಿಕೊಳ್ಳುವುದು ಹೇಗೆ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಹೊಂದಿಕೊಳ್ಳಬೇಡಿ, ತಂಗಿ. ಇದು ಆಟವಲ್ಲ. ಆಟವೆಂದರೆ ನೀವು ನಿಲ್ಲಿಸಿದಾಗ ನಿಲ್ಲಬೇಕು. ಒಂದು ದಿನ ನಕ್ಕಿದ್ದು ಆ ದಿನದ ಮಟ್ಟಿಗೆ, ಅದೂ ಆ ಗಳಿಗೆಯ ಮಟ್ಟಿಗೆ. ಅದರ ಮೇಲೆ ಯಾರೂ ಜೀವನಪರ್ಯಂತ ಸಾಲ ವಸೂಲಿ ಮಾಡುವಂತಿಲ್ಲ.

ಕುತ್ತಿಗೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿ ಚರ್ಮದ ಕೆಳಗೇ ಇವೆ, ಹತ್ತು ಸೆಕೆಂಡಿನೊಳಗೇ ಪ್ರಜ್ಞೆ ಹೋಗಬಹುದು. ನಾಳದ ಒಳಪದರ ಹರಿದರೆ ಪಾರ್ಶ್ವವಾಯು ಕೆಲವು ದಿನಗಳ ನಂತರವೂ ಹೊಡೆಯಬಹುದು. ಕುತ್ತಿಗೆ ಒತ್ತುವುದಕ್ಕೆ ಸುರಕ್ಷಿತ ವಿಧಾನ ಎಂಬುದಿಲ್ಲ, ಒಪ್ಪಿಗೆಯಿಂದ ಆಡುವವರಿಗೂ ಇಲ್ಲ. ಧ್ವನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ, ತಲೆನೋವು ಬಿಡದಿದ್ದರೆ, ಕಣ್ಣ ಬಿಳಿಯಲ್ಲಿ ಕೆಂಪು ಚುಕ್ಕೆ ಕಂಡರೆ ನಾಳೆಗೆ ಇಡಬೇಡಿ. ಏನೂ ಇಲ್ಲದಿದ್ದರೂ ಒಮ್ಮೆ ಜಿಲ್ಲಾ ಆಸ್ಪತ್ರೆಗೆ ಹೋಗಿ, ಕುತ್ತಿಗೆ ಒತ್ತಿದ್ದನ್ನು ಹೇಳಿ. ಹೆಂಡತಿಯ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲೆಯವರೆಗೂ ಹೋಗುವ ಸಂಭವ ಹೆಚ್ಚು ಎಂಬುದನ್ನು ಅಧ್ಯಯನಗಳು ತೋರಿಸಿವೆ. ಹೆದರಿಸಲು ಬರೆಯುತ್ತಿಲ್ಲ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ನಾನು ವೈದ್ಯೆಯಾಗಿ ತಪ್ಪು ಮಾಡಿದಂತೆ.

ಪ್ರಾಣಭಯವಾದ ಕ್ಷಣ 112ಕ್ಕೆ ಕರೆ ಮಾಡಿ. ಮಾತಾಡಿ ದಾರಿ ಕೇಳಲು ಮಹಿಳಾ ಸಹಾಯವಾಣಿ 181 ಇದೆ. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರವಿರುತ್ತದೆ, ಚಿಕಿತ್ಸೆ, ತಾತ್ಕಾಲಿಕ ಆಶ್ರಯ, ವಕೀಲರ ನೆರವು ಒಂದೇ ಕಡೆ ಸಿಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಗಂಡನ ಲೈಂಗಿಕ ಹಿಂಸೆಯೂ ಸೇರಿದೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ, ಅಂಗನವಾಡಿಯಲ್ಲಿ ಕೇಳಿದರೆ ಅವರ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ‘ಗಂಡ ಕುತ್ತಿಗೆ ಒತ್ತಿದ್ದರಿಂದ’ ಎಂದೇ ಬರೆಸಿ, ದಿನಾಂಕ ನೋಡಿಕೊಳ್ಳಿ. ಅದರ ಫೋಟೊ ತೆಗೆದು ನಂಬಿಕೆಯ ಒಬ್ಬರಿಗೆ ಕಳಿಸಿ. ನಿಮ್ಮ ಮೊಬೈಲನ್ನು ಗಂಡ ತೆಗೆದು ನೋಡುವವರಾದರೆ ಕಳಿಸಿದ ಮೇಲೆ ಅಳಿಸಿಬಿಡಿ. ಮೂಲ ಚೀಟಿ ತವರಿನಲ್ಲೋ ಗೆಳತಿಯ ಮನೆಯಲ್ಲೋ ಇರಲಿ, ನಿಮ್ಮ ಬೀರುವಿನಲ್ಲಿ ಬೇಡ.